ಬಲ್ಬಿನ ಕಾವಲು

ನಾನು ಮಾಡಿದ ಆಂಪ್ಲಿಫೈಯರ್ ಹಾಡುವುದಕ್ಕಿಂತ ಮೊದಲು ಗೊಣಗುವುದನ್ನು ಕಲಿಯಿತು. ಸ್ವಿಚ್ ಹಾಕಿದರೆ ಸ್ಪೀಕರಿನಿಂದ ಒಂದೇ ಸಮನೆ ಗುಂಯ್. ನಿದ್ದೆಯಿಂದ ಎಬ್ಬಿಸಿದಾಗ ನಮ್ಮ ಭಾವ ಥೇಟ್ ಹೀಗೇ.

ಅಕ್ಕ ಟೈಲ್ಸ್ ಅಂಗಡಿಯ ಕೆಲಸ ಬಿಟ್ಟು, ಮಹಡಿಯ ಕೋಣೆಯಲ್ಲಿ ಹೆಂಗಸರಿಗೆ ವ್ಯಾಯಾಮದ ಕ್ಲಾಸು ತೆರೆಯುತ್ತಿದ್ದಳು. ಅಂದು ಸಂಜೆಯೇ ಮೊದಲ ಕ್ಲಾಸು. ಎದುರಿಗೇ ದೊಡ್ಡ ಜಿಮ್ ಇತ್ತು. ಇಲ್ಲಿ ಹಾಡು ಕೈಕೊಟ್ಟರೆ ಬಂದವರೆಲ್ಲ ರಸ್ತೆ ದಾಟುವುದು ಖಂಡಿತ. ಆಂಪ್ಲಿಫೈಯರ್ ಕೊಳ್ಳಬೇಡ, ನಾನೇ ಮಾಡಿಕೊಡುತ್ತೇನೆ ಎಂದು ಕೊಚ್ಚಿಕೊಂಡವನು ನಾನು.

ಗೊಣಗಾಟದ ಮೂಲ ಹುಡುಕುತ್ತ ಮಧ್ಯಾಹ್ನವೆಲ್ಲ ನೆಲದ ಮೇಲೆ ಬೋರಲು ಬಿದ್ದಿದ್ದೆ. ಹಾಡು ಬರುವ ತಂತಿಯನ್ನು ಕಿತ್ತೆ, ಗುಂಯ್ ನಿಲ್ಲಲಿಲ್ಲ. ಹಾಗಾದರೆ ತಪ್ಪು ಡಬ್ಬಿಯೊಳಗೇ, ಗುಮಾನಿ ಅಲ್ಲಿ ಗುಂಯ್‌ಗುಡುವ ಟ್ರಾನ್ಸ್‌ಫಾರ್ಮರಿನ ಮೇಲೆ. ಟ್ರಾನ್ಸ್‌ಫಾರ್ಮರಿನ ಸ್ಕ್ರೂ ಸಡಿಲಿಸಿ ಅದನ್ನು ಮೆಲ್ಲಗೆ ತಿರುಗಿಸುತ್ತ ಬಂದೆ. ಸದ್ದು ತಗ್ಗಿತು, ಇನ್ನೂ ತಗ್ಗಿತು, ಟ್ರಾನ್ಸ್‌ಫಾರ್ಮರು ಗೋಡೆಯತ್ತ ಮುಖ ತಿರುಗಿಸಿದಾಗ ಸದ್ದು ಸತ್ತೇಹೋಯಿತು. ಸ್ಪೀಕರಿಗೆ ಕಿವಿ ಒತ್ತಿದೆ. ಏನೂ ಇಲ್ಲ. ಆ ಏನೂ ಇಲ್ಲದಿರುವುದನ್ನು ಬಹಳ ಹೊತ್ತು ಕೇಳಿದೆ. ಹಾಡು ಯಾರದೋ, ಈ ಮೌನ ಮಾತ್ರ ನನ್ನದು ಅನ್ನಿಸಿತು.

"ಆನ್ ಆಗಿದ್ಯಾ?" ಅಕ್ಕ ಒಳಗೆ ಬಂದಳು.

"ಆಗಿದೆ."

"ಮತ್ತೆ ಸದ್ದೇ ಇಲ್ಲ?"

"ಅದೇ ಸಾಧನೆ."

"ಲೋ ತತ್ವಜ್ಞಾನಿ, ಸದ್ದಿಲ್ಲದ ಪೆಟ್ಟಿಗೆ ಬೇಕಿದ್ರೆ ಮನೇಲಿ ಬೀರು ಇತ್ತಲ್ಲೋ!"

ಅವಳು ಫೋನ್ ಸಿಕ್ಕಿಸಿ ಹಾಡು ಹಾಕಿದಳು. ಮೆಲ್ಲಗಿದ್ದಾಗ ಚೆನ್ನಾಗಿತ್ತು. ದನಿ ಏರಿಸಿದೊಡನೆ ಡ್ರಮ್ಮಿನ ಪ್ರತಿ ಏಟಿಗೂ ಹಾಡು ಗಂಟಲು ಕಟ್ಟಿ ಮುಗ್ಗರಿಸಿತು. ಪಕ್ಕದಲ್ಲಿದ್ದ ಬಲ್ಬು ಭಗ್ಗೆಂದು ಹೊತ್ತಿಕೊಂಡಿತು.

ಆ ಬಲ್ಬು ಕಾವಲುಗಾರ. ಕರೆಂಟು ಅದರ ಮೂಲಕವೇ ಆಂಪ್ಲಿಫೈಯರಿಗೆ ಹೋಗುತ್ತದೆ. ಒಳಗೆಲ್ಲಾದರೂ ತಂತಿ ತಪ್ಪಿ ತಗುಲಿದ್ದರೆ ಬಲ್ಬು ಉರಿದು ಟ್ರಾನ್ಸಿಸ್ಟರುಗಳ ಜೀವ ಉಳಿಯುತ್ತದೆ. ಮೊದಲ ಪರೀಕ್ಷೆ ಮುಗಿದೊಡನೆ ಅದನ್ನು ತೆಗೆಯಬೇಕು, ಇಲ್ಲದಿದ್ದರೆ ದನಿ ಏರಿಸಿದಾಗ ಬೇಕಾಗುವಷ್ಟು ಕರೆಂಟನ್ನು ಅದು ಒಳಗೆ ಬಿಡುವುದಿಲ್ಲ. ತಿಂಗಳುಗಳು ಕಳೆದರೂ ನಾನು ತೆಗೆದಿರಲಿಲ್ಲ. ಎಲ್ಲವನ್ನೂ ಮೆಲ್ಲಗೆ ಕೇಳುವವನಿಗೆ ಅದರಿಂದ ತೊಂದರೆಯೂ ಆಗಿರಲಿಲ್ಲ.

"ಅದನ್ನ ತೆಗೆದ್ರೆ?" ಅಕ್ಕ ಕೇಳಿದಳು.

"ಸರಿಹೋಗತ್ತೆ. ಇಲ್ಲಾ ಸುಟ್ಟುಹೋಗತ್ತೆ."

"ಎರಡ್ರಲ್ಲಿ ಯಾವುದು?"

"ಗೊತ್ತಿಲ್ಲ. ಅದಕ್ಕೇ ತೆಗ್ದಿಲ್ಲ."

ಮೆಟ್ಟಿಲ ಮೇಲೆ ಚಪ್ಪಲಿಗಳ ಸದ್ದು, ನಗು. ಅಕ್ಕ ಸೊಂಟದ ಮೇಲೆ ಕೈಯಿಟ್ಟಳು. "ನಾನು ಕೆಲ್ಸಾನೇ ಬಿಟ್ಟು ಕೂತಿದೀನಿ. ನಿನ್ ಕೈಲಿ ಒಂದು ಬಲ್ಬ್ ಬಿಡಕ್ಕಾಗಲ್ವಾ?"

ಪ್ಲಗ್ ಕಿತ್ತು, ಬಲ್ಬನ್ನು ಬದಿಗಿಟ್ಟು, ಆಂಪ್ಲಿಫೈಯರನ್ನು ನೇರವಾಗಿ ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಿದೆ. ಕಣ್ಣು ಮುಚ್ಚಿ ಸ್ವಿಚ್ ಒತ್ತಿದೆ. ಸ್ಪೀಕರ್ ಟಪ್ ಎಂದು ಸುಮ್ಮನಾಯಿತು. ಮೂಗೆತ್ತಿ ಸುಟ್ಟ ವಾಸನೆ ಹುಡುಕಿದೆ. ಸೆಂಟಿನ ವಾಸನೆ ಬಂತು. ಹೆಂಗಸರು ಬಾಗಿಲಲ್ಲಿ ನಿಂತಿದ್ದರು.

ಅಕ್ಕ ದನಿ ಏರಿಸಿದಳು. ಕಿಟಕಿಯ ಗಾಜು ಅದುರಿತು. ಹಾಡು ಎಲ್ಲೂ ಎಡವಲಿಲ್ಲ. ಒಬ್ಬಾಕೆ ಚಪ್ಪಲಿ ಬಿಚ್ಚುವ ಮೊದಲೇ ಭುಜ ಕುಣಿಸತೊಡಗಿದಳು.

ನಾನು ಸ್ಕ್ರೂಡ್ರೈವರನ್ನು ಜೇಬಿಗಿಳಿಸಿ ಮೆಲ್ಲಗೆ ಜಾರಿಕೊಳ್ಳಲು ನೋಡಿದೆ.

"ಎಲ್ಲಿಗೆ?" ಅಕ್ಕ ಹಾಡಿನ ಸದ್ದನ್ನೂ ಮೀರಿ ಕೂಗಿದಳು. "ಹಿಂದಿನ ಸಾಲು ಖಾಲಿ ಕಾಣ್ತಿದೆ. ನಿಂತ್ಕೋ, ಕೈ ಮೇಲೆತ್ತು!"