ಗದ್ದಲಕ್ಕೊಂದು ಬಾಡಿಗೆ ಮನೆ

ಗುಬ್ಬಿಯ ಅಪ್ಪನಿಗೆ ಬ್ರೆಡ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿ. ಬೆಳಗ್ಗೆ ಬಂದು ಮಲಗಿದನೆಂದರೆ ಏಳುವುದು ಸಂಜೆಗೆ. ಇದ್ದದ್ದು ಒಂದೇ ಕೋಣೆ. ಹಾಗಾಗಿ ಗುಬ್ಬಿಯ ಅಮ್ಮ ಪಾತ್ರೆಯ ಕೆಳಗೆ ಬಟ್ಟೆ ಹಾಸಿ ಇಡುತ್ತಿದ್ದಳು. ಅವಳ ಅತ್ತೆ ಕೆಮ್ಮು ಬಂದರೆ ಹೊರಗಿನ ಮೆಟ್ಟಿಲಿಗೆ ಓಡುತ್ತಿದ್ದರು. ನಾಲ್ಕು ವರ್ಷದ ಗುಬ್ಬಿ ಹುಟ್ಟಿದಾಗಿನಿಂದ ಕೇಳಿದ್ದು ಪಿಸುಮಾತು, ಆಡಿದ್ದೂ ಪಿಸುಮಾತೇ. ಬಿದ್ದು ಮಂಡಿ ತರಚಿಕೊಂಡರೂ ಬಾಯಿ ತೆರೆದು ಸದ್ದಿಲ್ಲದೆ ಅಳುವ ಮಗು.

"ಎಂಥಾ ಸಾಧು ಮಗು!" ಎಂದು ಅಕ್ಕಪಕ್ಕದವರು ಹೊಗಳಿದರೆ ಅಮ್ಮನೂ ಹಿಗ್ಗುತ್ತಿದ್ದಳು. ಆದರೆ ಶಾಲೆಗೆ ಸೇರಿಸಲು ಹೋದ ದಿನ ಟೀಚರ್ ಮೂರು ಸಲ ಹೆಸರು ಕೇಳಿ, ಮಗುವಿನ ಬಾಯಿಯ ಹತ್ತಿರ ಕಿವಿಯಿಟ್ಟು, ಕೊನೆಗೆ "ಗಂಟಲು ಒಂದ್ಸಲ ಡಾಕ್ಟರಿಗೆ ತೋರಿಸಿಬಿಡಿ" ಎಂದರು. ಅಮ್ಮ ತನ್ನ ಕೈಯನ್ನೇ ನೋಡಿಕೊಂಡಳು. ಕೂಸು ಅತ್ತಾಗಲೆಲ್ಲ ಆ ಪುಟ್ಟ ಬಾಯಿ ಮುಚ್ಚಿದ್ದು ತನ್ನದೇ ಅಂಗೈ. ಗಂಟಲು ಕೆಟ್ಟಿದ್ದರೆ ಕೆಡಿಸಿದವಳೂ ತಾನೇ ಅಲ್ಲವೇ?

ಡಾಕ್ಟರು ಸೋಮವಾರ ಬರಹೇಳಿದ್ದರು. ಅಷ್ಟರೊಳಗೆ ಮಗಳ ದನಿ ಒಮ್ಮೆ ಕಿವಿಗೆ ಬಿದ್ದರೆ ಸಾಕೆಂದು, ಬೆಟ್ಟದ ಮೇಲಿನ ಮರದ ಒಂಟಿ ಮನೆಯನ್ನು ಎರಡು ದಿನಕ್ಕೆ ಬಾಡಿಗೆಗೆ ಹಿಡಿದಳು.

"ಸುತ್ತಮುತ್ತ ನರಪಿಳ್ಳೆಯೂ ಇಲ್ಲಮ್ಮ, ಒಂಚೂರು ಗಲಾಟೆ ಇರಲ್ಲ," ಎಂದ ಫೋನಿನಲ್ಲಿ ಮನೆಯ ಮಾಲೀಕ.

"ಗಲಾಟೆ ನಾವೇ ತರ್ತೀವಿ ಬಿಡಿ," ಎಂದಳು.

ತಂದದ್ದೆಲ್ಲಿ? ಕಾಲಿಟ್ಟವರೇ ಚೀಲಗಳನ್ನು ಮೊಟ್ಟೆಗಳೇನೋ ಎಂಬಂತೆ ಮೆಲ್ಲಗೆ ಇಟ್ಟರು. "ಇಲ್ಲಿ ಜೋರಾಗಿ ಮಾತಾಡ್ಬೋದು ಕಣೇ," ಎಂದು ಅತ್ತೆ ಪಿಸುಗುಟ್ಟಿದರು. ರಜೆ ಹಾಕಿ ಬಂದ ಗಂಡನೋ, ಹಗಲು ಮಲಗಿಯೇ ರೂಢಿಯಾದವನು, ಕುರ್ಚಿಯಲ್ಲೇ ಗೊರಕೆ ಶುರುಮಾಡಿದ. ಅಪ್ಪನನ್ನು ಕಂಡ ಗುಬ್ಬಿ ಚಪ್ಪಲಿ ಕೈಯಲ್ಲಿ ಹಿಡಿದು ತುದಿಗಾಲಲ್ಲಿ ಹೊರಗೆ ಹೋದಳು. ಇಷ್ಟು ದೂರ ಬಂದದ್ದು ಇದಕ್ಕಾ ಎಂದು ಅಮ್ಮನಿಗೆ ಅಳುವೇ ಬಂತು.

ಮಾರನೆಯ ಬೆಳಗ್ಗೆಯೂ ಅದೇ ಕಥೆ. ಗಂಡ ಒಳಗೆ ನಿದ್ದೆಯಲ್ಲಿ. ಗುಬ್ಬಿ ಅಂಗಳದಲ್ಲಿ ಜಾಮ್ ಹಚ್ಚಿದ ಬ್ರೆಡ್ ಹಿಡಿದು ಕೂತಿದ್ದಳು. ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಲೇ ಇದ್ದಳು. ಎಲ್ಲಿಂದಲೋ ಬಂದ ಗಡ್ಡದ ಮೇಕೆಯೊಂದು ಸೀದಾ ಬ್ರೆಡ್ಡಿಗೆ ಬಾಯಿ ಹಾಕಿತು. ಮಗು ಎಳೆಯಿತು, ಮೇಕೆಯೂ ಎಳೆಯಿತು. ಬ್ರೆಡ್ ಹೋಯಿತು.

ಗುಬ್ಬಿಯ ಮುಖ ಕೆಂಪಾಯಿತು.

"ಏಯ್! ಕಳ್ಳಾ! ನನ್ ಬ್ರೆಡ್ ಕೊಡೋ! ಅಪ್ಪಾ, ಬಾರಪ್ಪಾ!"

ತುತ್ತೂರಿಯಂಥ ದನಿ. ಮೇಕೆ ದಿಕ್ಕೆಟ್ಟು ಓಟ ಕಿತ್ತಿತು. ಅತ್ತೆಯ ಕೈಯಿಂದ ಲೋಟ ಜಾರಿತು. ಗಂಡ ಹೊದಿಕೆ ಸುತ್ತಿಕೊಂಡೇ ಹೊರಗೆ ಬಂದ. "ಯಾರು ಕೂಗಿದ್ದು?"

"ಶ್..." ಎಂದಿದ್ದಳು ಅಮ್ಮ. ಬೆರಳು ತಾನಾಗಿ ತುಟಿಗೆ ಹೋಗಿತ್ತು.

"ಶ್ ಅಂದ್ರೆ ನಿನ್ನನ್ನೂ ಆ ಮೇಕೆ ಜೊತೆ ಓಡಿಸ್ತೀನಿ ನೋಡು!" ಎಂದವನು ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತ. "ಏನಂದೆ ಮರಿ? ನಂಗೆ ಕೇಳಿಸ್ಲೇ ಇಲ್ಲ."

ಗುಬ್ಬಿ ಅಪ್ಪನ ಕಿವಿಗೇ ಬಾಯಿಟ್ಟು ಕೂಗಿದಳು. ಅವನು ಕಿವಿ ಹಿಡಿದುಕೊಂಡು ಹುಲ್ಲಿನ ಮೇಲೆ ಉರುಳಿದ.

"ಅಯ್ಯೋ, ಇದರ ಗಂಟಲಿಗೊಂದು ಬೀಗ ಹಾಕ್ರೋ!" ಎಂದರು ಅತ್ತೆ, ಅದೂ ಗಟ್ಟಿ ದನಿಯಲ್ಲಿ.

ಅಮ್ಮ ಅಲ್ಲೇ ಹೊಸ್ತಿಲ ಮೇಲೆ ಕೂತಳು. ಎದೆಯ ಮೇಲಿನ ಕಲ್ಲು ಇಳಿದಂತಾಗಿ ನಗು, ಕಣ್ಣೀರು ಒಟ್ಟೊಟ್ಟಿಗೇ ಬಂದವು. "ಇನ್ನೊಂದ್ಸಲ ಕೂಗೇ, ನನ್ನಮ್ಮಾ!"

ಗುಬ್ಬಿ ಆಗಲೇ ಇಡೀ ಬೆಟ್ಟಕ್ಕೆ ಮೇಕೆಯ ಮೇಲೆ ಚಾಡಿ ಹೇಳತೊಡಗಿದ್ದಳು. ಹೇಳಿ ಮುಗಿಸುವಷ್ಟರಲ್ಲಿ ಅವಳ ಮಾತಿನಲ್ಲಿ ಒಂದು ಮೇಕೆ ಹತ್ತಾಗಿತ್ತು.