ಕುಷಾಯಿಗೂಡದ ಹೊಸ ಪೆಟ್ಟಿಗೆ

ಬೆಳಿಗ್ಗೆ ಹನ್ನೊಂದಕ್ಕೆ ಇನ್ನು ಹನ್ನೊಂದೇ ನಿಮಿಷವಿದ್ದಾಗ ಕುಷಾಯಿಗೂಡದ ಹೆರಿಗೆ ಆಸ್ಪತ್ರೆಯಿಂದ ಭೀಮಾಶಂಕರನ ಫೋನ್ ಬಂತು. ರಕ್ತದ ಚೀಲಗಳನ್ನಿಡುವ ಫ್ರಿಜ್‌ಗೆ ಕಂಪನಿಯ ಕಂಪ್ಯೂಟರ್ ಪೆಟ್ಟಿಗೆ ಕೂರಿಸುವುದು ಅವನ ಕೆಲಸ. ಫ್ರಿಜ್ಜನ್ನು ತಣ್ಣಗಿಡುವುದು ಪೆಟ್ಟಿಗೆಯ ಕೆಲಸ.

“ಮೇಡಂ, ನಿನ್ನಿ ಹೊಸಾ ಪೆಟ್ಟಿಗಿ ಕೂಡ್ಸೀನ್ರಿ. ಆದ್ರ ಹಳೇ ಮಾಡೆಲ್ ಅಂತ ತೋರ್ಸಾಕತ್ತೈತಿ.”

ಕಂಪನಿಯ ಹಿಮಾಯತ್‌ನಗರದ ಆಫೀಸಿನಲ್ಲಿ ಕೂತಿದ್ದ ಅಪೂರ್ವಳಿಗೆ ತಪ್ಪು ಎಲ್ಲಿದೆಯೆಂದು ತಕ್ಷಣ ಹೊಳೆಯಿತು. ಎಲ್ಲ ಪೆಟ್ಟಿಗೆಗಳನ್ನೂ ನಡೆಸುವ ಮೂಲ ಸಾಫ್ಟ್‌ವೇರ್ ಲಿನಕ್ಸೇ ಆಗಿತ್ತು. ಆದರೆ ಹಳೆಯವಕ್ಕೆ ಮೇಜಿನ ಕಂಪ್ಯೂಟರಿನ ಪ್ರೊಸೆಸರ್, ಹೊಸವಕ್ಕೆ ಮೊಬೈಲಿನಂಥದ್ದು. ಹಳೆಯದು ತನ್ನ ಮಾಡೆಲ್ ಹೆಸರನ್ನು ಇಟ್ಟುಕೊಳ್ಳುವ ಫೈಲು ಹೊಸದರಲ್ಲಿ ಇರುವುದೇ ಇಲ್ಲ; ಅಲ್ಲಿ ಹೆಸರು ಬೇರೆ ಕಡೆ ಕೂತಿರುತ್ತದೆ. ಪೆಟ್ಟಿಗೆ ಯಾವ ಮಾಡೆಲ್ಲೆಂದು ಗುರುತಿಸಲು ಅವಳು ಬರೆದ ಸ್ಕ್ರಿಪ್ಟ್ ಮೊದಲ ಜಾಗವನ್ನಷ್ಟೇ ನೋಡಿ, ಉತ್ತರ ಸಿಗದಿದ್ದರೆ ಹಳೆಯದೇ ಇರಬೇಕೆಂದು ತೀರ್ಮಾನಿಸಿಬಿಡುತ್ತಿತ್ತು. ಎಂಥ ಭಂಡ ಧೈರ್ಯ! ಪ್ರತಿ ಪೆಟ್ಟಿಗೆಯೂ ತನ್ನ ಗಡಿಯಾರದಲ್ಲಿ ಹನ್ನೊಂದಾದಾಗ ಹೊಸ ಸಾಫ್ಟ್‌ವೇರ್ ಎಳೆದುಕೊಳ್ಳಲಿತ್ತು. ಹಳೆಯದಕ್ಕೆಂದು ಮಾಡಿದ್ದು ಹೊಸದಕ್ಕೆ ಹೋದರೆ ಅದು ಮತ್ತೆ ಏಳುವುದಿಲ್ಲ, ಫ್ರಿಜ್ಜೂ ನಿಲ್ಲುತ್ತದೆ. ಅಂಥ ಹೊಸ ಪೆಟ್ಟಿಗೆ ಇಪ್ಪತ್ತಾರು ಆಸ್ಪತ್ರೆಗಳಲ್ಲಿ ಒಂದೊಂದಿತ್ತು.

ತಡೆಯುವ ಅಧಿಕಾರ ಮ್ಯಾನೇಜರ್ ಸೂರ್ಯನಾರಾಯಣರಿಗೆ ಮಾತ್ರ. ಅವರಿಗೆ ಹೇಳಿದರೆ ಇನ್ನೊಂದನ್ನೂ ಹೇಳಬೇಕು. ಹೊಸ ಪೆಟ್ಟಿಗೆಗಳು ಗೋದಾಮಿನಿಂದ ನೇರ ಆಸ್ಪತ್ರೆಗಳಿಗೆ ಹೋಗಿದ್ದವು, ಆಫೀಸಿಗೆ ಒಂದೂ ಬಂದಿರಲಿಲ್ಲ. ಆದರೂ ‘ಎರಡೂ ಮಾಡೆಲ್ ಪರೀಕ್ಷಿಸಿದ್ದೇನೆ’ ಎಂದು ಅವಳು ಸಹಿ ಹಾಕಿದ್ದಳು. ಅಲ್ಲಿ ಎಲ್ಲರೂ ಹಾಗೆಯೇ ಹಾಕುತ್ತಿದ್ದರು. ಅವಳ ಕೆಲಸ ಕಾಯಂ ಆಗಲು ಒಂದು ತಿಂಗಳು ಬಾಕಿಯಿತ್ತು.

ನಾಲ್ಕು ನಿಮಿಷ ಅವಳು ಕುರ್ಚಿ ಬಿಟ್ಟೇಳಲಿಲ್ಲ. ಆಮೇಲೆ ಎದ್ದು ಅವರ ಬಳಿ ಹೋಗಿ ಎಲ್ಲವನ್ನೂ ಹೇಳಿದಳು. ಅವರು ಬೈಯಲಿಲ್ಲ, ಕೀಬೋರ್ಡ್ ಎಳೆದುಕೊಂಡು ಹತ್ತು ಐವತ್ತೇಳಕ್ಕೆ ಎಲ್ಲವನ್ನೂ ನಿಲ್ಲಿಸಿದರು. ಇಪ್ಪತ್ತೈದು ಉಳಿದುಕೊಂಡವು. ಕುಷಾಯಿಗೂಡದ್ದರ ಗಡಿಯಾರ ಐದು ನಿಮಿಷ ಮುಂದಿತ್ತು; ಹತ್ತು ಐವತ್ತೈದಕ್ಕೇ ಅದು ಸಾಫ್ಟ್‌ವೇರ್ ಎಳೆದುಕೊಂಡಾಗಿತ್ತು. ಕುರ್ಚಿಯಲ್ಲಿ ಆ ನಾಲ್ಕು ನಿಮಿಷ ಕಳೆಯದಿದ್ದರೆ ಅದೂ ಉಳಿಯುತ್ತಿತ್ತು.

ಭೀಮಾಶಂಕರ ಮತ್ತೆ ಫೋನ್ ಮಾಡಿದ. ಫ್ರಿಜ್ ನಿಂತಿದೆ, ಚೀಲಗಳನ್ನು ಐಸ್ ಡಬ್ಬಿಗೆ ತುಂಬಿದ್ದಾರೆ, ಒಳಗೆ ಬಾಣಂತಿಯೊಬ್ಬಳಿಗೆ ರಕ್ತಸ್ರಾವ ನಿಲ್ಲುತ್ತಿಲ್ಲ, ಈ ರಕ್ತ ಕೊಡಬಹುದೇ ಎಂದು ಡಾಕ್ಟರು ಕೇಳುತ್ತಿದ್ದಾರೆ ಎಂದ. ಆಮೇಲೆ ದನಿ ತಗ್ಗಿಸಿದ.

“ಪೆಟ್ಟಿಗಿನೇ ಕೆಟ್ಟದ್ದು ಬಂದಿತ್ತು ಅಂತ ಹೇಳ್ಲೇನ್ರಿ? ನಿಮ್ಮ ಮ್ಯಾಲ ಬರಂಗಿಲ್ಲ.”

ಹಾಗೆ ಹೇಳಿದರೆ ನಿನ್ನೆಯಿಂದಲೇ ಫ್ರಿಜ್ ಸರಿಯಿರಲಿಲ್ಲವೆಂದು ತಿಳಿದು ಡಾಕ್ಟರು ಅಷ್ಟೂ ಚೀಲ ಎಸೆಯುತ್ತಾರೆ. ಅಪೂರ್ವಳ ಮುಂದಿದ್ದ ಮ್ಯಾನೇಜರ ಪರದೆಯಲ್ಲಿ ಆ ಫ್ರಿಜ್ಜಿನಲ್ಲಿ ನಿನ್ನೆಯಿಂದ ದಾಖಲಾದ ತಾಪಮಾನವಿತ್ತು.

“ಬೇಡ. ಹತ್ತು ಐವತ್ತೈದರವರೆಗೆ ಒಂದೇ ಸಮನೆ ನಾಲ್ಕು ಡಿಗ್ರಿ ಇತ್ತು, ಪೆಟ್ಟಿಗೆ ಸರಿಯಾಗೇ ಇತ್ತು ಅಂತ ಹೇಳಿ. ಕೆಡಿಸಿದ್ದು ನಾನು. ಯಾರು ಅಂತ ಕೇಳಿದರೆ ನನ್ನ ಹೆಸರು ಹೇಳಿ.”

ಸೂರ್ಯನಾರಾಯಣರು ಕೇಳಿಸಿಕೊಳ್ಳುತ್ತಲೇ ಇದ್ದರು. ಅತ್ತ ಭೀಮಾಶಂಕರ ಅದನ್ನೇ ಡಾಕ್ಟರಿಗೆ ತೆಲುಗಿನಲ್ಲಿ ಹೇಳಿದ, ಅವಳ ಹೆಸರನ್ನೂ ಹೇಳಿದ.

“ಮೇಡಂ, ಒಂದು ಚೀಲ ಒಳಗ ಒಯ್ದ್ರು.”

ಅಪೂರ್ವ ಮ್ಯಾನೇಜರ ಎದುರಿಗೇ ಅತ್ತುಬಿಟ್ಟಳು.