ಸುಲೈಮಾನ್ ಬರುವವರೆಗೆ

ಟೆಲಿಫೋನ್ ಬಿಲ್ಲು ಬಂದ ದಿನ ಗುರುವಪ್ಪನಿಗೆ ಕುಳಿತಲ್ಲಿ ಕೂರಲಾಗಲಿಲ್ಲ. ಪಂಪ್‌ವೆಲ್ಲಿನಲ್ಲಿ ಅವನದೊಂದು ಲಾರಿ ಬುಕಿಂಗ್ ಆಫೀಸು. ಒಂದು ಮೇಜು, ಡ್ರೈವರುಗಳು ಕೂರುವ ಬೆಂಚು, ಕಪ್ಪು ಬಣ್ಣದ ಫೋನು. ಬೊಂಬಾಯಿಗೆ ಹೆಂಚು ಹೊತ್ತು ಹೋದ ಲಾರಿ ಖಾಲಿ ಬರಬಾರದಲ್ಲ, ಅದರ ಏರ್ಪಾಟೆಲ್ಲ ಆ ಫೋನಿನಲ್ಲೇ. ಮಂಗಳೂರಿನಿಂದ ಬೊಂಬಾಯಿಗೆ ನೇರ ನಂಬರು ತಿರುಗಿಸುವ ಎಸ್‌ಟಿಡಿ ಬಂದ ಹೊಸದು. ಟ್ರಂಕ್ ಕಾಲಿಗೆ ಬುಕ್ ಮಾಡಿ ಅರ್ಧ ದಿನ ಕಾಯುವ ಕಷ್ಟ ತಪ್ಪಿತು ಎಂದು ಅವನು ಹಿಗ್ಗಿದ್ದೇ ಹಿಗ್ಗಿದ್ದು. ಈಗ ನೋಡಿದರೆ ಬಿಲ್ಲು ಹಿಂದಿನದರ ಮೂರು ಪಟ್ಟು.

ಫೋನಿನ ಹತ್ತಿರ ಕೂರುತ್ತಿದ್ದವಳು ಅವನ ತಂಗಿ ಅಮ್ಮಣಿಯ ಮಗಳು ಬಾಗಿ. ಅವಳ ಗಂಡ ಜಯ ಬೊಂಬಾಯಿಯ ಹೋಟೆಲೊಂದರಲ್ಲಿ ಕೆಲಸಕ್ಕಿದ್ದ. ಗುರುವಪ್ಪನಿಗೆ ಅಷ್ಟು ಸಾಕಾಯಿತು.

"ಗಂಡನೊಟ್ಟಿಗೆ ಮಾತಾಡ್ಲಿಕ್ಕೆ ನನ್ನ ಫೋನೇ ಆಗ್ಬೇಕಿತ್ತಾ ನಿನಗೆ?" ಎಂದು ಬೆಂಚು ತುಂಬ ಕುಳಿತಿದ್ದ ಡ್ರೈವರುಗಳ ಎದುರೇ ಕೇಳಿಬಿಟ್ಟ.

"ನಾನು ಮಾಡ್ಲಿಲ್ಲ ಮಾವ. ಅವರ ಹೋಟೆಲಿನಲ್ಲಿ ಫೋನೇ ಇಲ್ಲ."

"ಫೋನು ಇಲ್ಲದ ಹೋಟೆಲು ಬೊಂಬಾಯಿಯಲ್ಲಿ ಉಂಟಾ?"

ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಬಾಗಿ ಬುತ್ತಿಯ ಡಬ್ಬಿ ಎತ್ತಿಕೊಂಡು ಮನೆಗೆಂದು ಉರ್ವದ ಬಸ್ಸು ಹತ್ತಿದಳು. ಅವನು ಅದೇ ದಿನ ಪೇಟೆಯಿಂದ ಪುಟ್ಟ ಬೀಗ ತಂದು ಫೋನಿನ ಡಯಲಿಗೆ ಹಾಕಿ, ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡ.

ಅವರದು ಅಳಿಯಸಂತಾನದ ಮನೆ. ತಂಗಿಯ ಮಕ್ಕಳೇ ಮನೆಯ ಮಕ್ಕಳು. ಅಂಥಲ್ಲಿ ಸೋದರಮಾವನೇ ಕಳ್ಳತನ ಹೊರಿಸಿದರೆ ಹೆಣ್ಣು ಮಗಳು ದೂರು ಕೊಂಡೊಯ್ಯುವುದು ಯಾರ ಬಳಿಗೆ? ಬಾಗಿ ಯಾರ ಬಳಿಗೂ ಹೋಗಲಿಲ್ಲ. ಜಗಲಿಯಲ್ಲಿ ಮೊರ ಹಿಡಿದು ಬೀಡಿ ಕಟ್ಟಲು ಕುಳಿತಳು. ಮಾವ ಮನೆಗೆ ಬಂದರೆ ಎದ್ದು ಅನ್ನ ಬಡಿಸುತ್ತಿದ್ದಳು, ಮಾತು ಬಡಿಸುತ್ತಿರಲಿಲ್ಲ. ಎಲೆ ಕತ್ತರಿಸುವ ಕತ್ತರಿಯ ಸದ್ದು ಕೇಳಿದರೆ ಗುರುವಪ್ಪ ಅರ್ಧ ಊಟಕ್ಕೇ ಏಳುವನು. ಅಂಗಳಕ್ಕೆ ಹೋಗುವನು, ಒಳಗೆ ಬರುವನು, ಮತ್ತೆ ಅಂಗಳಕ್ಕೆ.

ಮುಂದಿನ ಬಿಲ್ಲು ಬಂತು. ಅದು ಇನ್ನೂ ಹೆಚ್ಚು.

"ಬಾಗಿ ಹೋಗಿ ಎರಡು ತಿಂಗಳಾಯ್ತಲ್ಲ ಗುರುವಣ್ಣ," ಎಂದ ಬೊಂಬಾಯಿ ಲಾರಿಯ ಡ್ರೈವರು ಅಹ್ಮದ್ ಬಾವ. "ಈಗ ಮಾತಾಡಿದ್ದು ಯಾರು, ಭೂತವಾ?"

"ಸರ್ಕಾರ ಎಂತದೋ ಹೊಸ ಟ್ಯಾಕ್ಸು ಹಾಕಿರ್ಬೇಕು ಬಾವ."

ಹಾಗೆಂದನೇ ಹೊರತು ಕೈ ಉಡಿದಾರ ತಡಕಿತು. ಬೀಗದ ಕೈ ತನ್ನ ಸೊಂಟದಲ್ಲೇ ಇದೆ. ಅಲ್ಲಿ ನಿಲ್ಲಲಾರದೆ ಬಿಲ್ಲು ಹಿಡಿದು ಟೆಲಿಫೋನ್ ಆಫೀಸಿಗೆ ಹೊರಟ.

ಕೌಂಟರಿನ ಹಿಂದೆ ಕನ್ನಡಕದ ಹೆಂಗಸೊಬ್ಬಳು ತಲೆ ಎತ್ತದೆ, "ಹೇಳಿ" ಎಂದಳು. ಆ ಒಂದು ಮಾತಿಗೆ ಅವನು ನೆಟ್ಟಗೆ ನಿಂತ.

"ಮಟಿಲ್ಡಾ ಬಾಯಮ್ಮ ಅಲ್ವಾ? ಟ್ರಂಕಿನವರು?"

"ಪಂಪ್‌ವೆಲ್ ಗುರುವಪ್ಪ!" ಅವಳು ನಕ್ಕಳು. "ಬೊಬ್ಬೆ ಹಾಕಿ ಮಾತಾಡುವವರು!"

ವರ್ಷಗಟ್ಟಲೆ ಟ್ರಂಕ್ ಎಕ್ಸ್‌ಚೇಂಜಿನಲ್ಲಿ ಕುಳಿತು ಅವನ ಬೊಂಬಾಯಿ ಕಾಲುಗಳನ್ನು ಕೂಡಿಸಿಕೊಟ್ಟವಳು ಅವಳೇ. ಒಬ್ಬರ ಮುಖ ಒಬ್ಬರು ನೋಡಿದ್ದು ಮಾತ್ರ ಇವತ್ತು. ಅವನು ಬಿಲ್ಲು ಮುಂದಿಟ್ಟ.

"ಟ್ಯಾಕ್ಸು ಎಂತದ್ದೂ ಇಲ್ಲ ಇದರಲ್ಲಿ. ಇದು ಫೋನಿನ ಬಾಡಿಗೆ, ಇದು ಮೀಟರಿನಲ್ಲಿ ಓಡಿದ್ದು. ಬೊಂಬಾಯಿಗೆ ನೀವು ಹೇಗೆ ಮಾತಾಡುದು?"

"ಹೇಗೆ ಅಂದ್ರೆ? ನಂಬರು ತಿರುಗಿಸ್ತೇನೆ. ಅಲ್ಲಿಯ ಆಫೀಸಿನವರು ಎತ್ತುತ್ತಾರೆ. ಸುಲೈಮಾನನನ್ನು ಕರೀರಿ ಅಂತೇನೆ. ಲೋಡು ಕೊಡುವವನು ಅವನು, ಹಿಂದೆ ಗೋಡೌನಿನಲ್ಲಿ ಇರ್ತಾನೆ. ಬರುವವರೆಗೆ ಕಾಯ್ತೇನೆ."

"ಫೋನು ಹಾಗೇ ಹಿಡ್ಕೊಂಡಾ?"

"ಮೇಜಿನ ಮೇಲೆ ಇಟ್ಟು ಹೋಗಿ ಚಾ ಕುಡಿದು ಬರುದೂ ಉಂಟು. ಅವನು ಬಂದು ಮಾತು ಶುರುವಾಗುವವರೆಗೆ ಲೆಕ್ಕ ಇಲ್ವಲ್ಲ!"

ಮಟಿಲ್ಡಾ ಪೆನ್ನು ಕೆಳಗಿಟ್ಟಳು.

"ದೇವರೇ! ಅದು ಟ್ರಂಕಿನಲ್ಲಿ ಮಾರಾಯ್ರೆ. ಇಂಥ ಮನುಷ್ಯನೇ ಬೇಕು ಅಂತ ನೀವು ಹೆಸರು ಹೇಳಿ ಬುಕ್ ಮಾಡ್ತಿದ್ರಿ, ಅದಕ್ಕೆ ಸ್ವಲ್ಪ ಹೆಚ್ಚು ಕೊಡ್ತಿದ್ರಿ. ಸುಲೈಮಾನ್ ಬಂದು ಹಲೋ ಅಂದ ಮೇಲೆಯೇ ನಾನು ಹೊತ್ತು ಹಿಡೀತಿದ್ದೆ. ಎಸ್‌ಟಿಡಿಯಲ್ಲಿ ಆಚೆ ಯಾರು ಎತ್ತಿದ್ರೂ ಮೀಟರು ಓಡ್ತದೆ. ನಾನು ಕಾಯ್ತಿದ್ದೆ, ಅದು ಕಾಯುದಿಲ್ಲ."

ಗುರುವಪ್ಪ ಬಿಲ್ಲನ್ನು ಮಡಚಿದ, ಬಿಡಿಸಿದ, ಮತ್ತೆ ಮಡಚಿದ. ಬಸ್ಸು ಬರುವವರೆಗೆ ನಿಲ್ಲುವ ತಾಳ್ಮೆಯಿಲ್ಲದೆ ಉರ್ವದವರೆಗೂ ನಡೆದೇ ಹೋದ.

ಬಾಗಿ ಜಗಲಿಯಲ್ಲಿದ್ದಳು. ಅಮ್ಮಣಿ ಒಳಗಿನಿಂದ ನೀರಿನ ಚೊಂಬು ತಂದಳು. ಅವನು ಅದನ್ನು ಮುಟ್ಟಲಿಲ್ಲ.

"ಬಾಗೀ, ಆ ಬಿಲ್ಲು ಏರಿಸಿದ್ದು ನಾನೇ ಅಂತೆ. ಗೊತ್ತಾಗ್ಲಿಲ್ಲ ನನಗೆ. ನಾಳೆಯಿಂದ ಆಫೀಸಿಗೆ ಬಾ."

ಕತ್ತರಿ ನಿಂತಿತು. "ಇಲ್ಲಿ ಹೇಳಿದ್ರೆ ಅಮ್ಮನಿಗೆ ಮಾತ್ರ ಕೇಳ್ತದೆ. ಅಲ್ಲಿ ಬೆಂಚು ತುಂಬ ಜನ ಇದ್ರು."

"ಎಂತ ಮಾತು ಅದು? ಅವರು ನಿನ್ನ ಮಾವ ಅಲ್ವಾ?" ಎಂದಳು ಅಮ್ಮಣಿ.

"ಹೌದು. ಅದಕ್ಕೇ."

ಮರುದಿನ ಬಾಗಿ ಬಂದು ಆಫೀಸಿನ ಹೊಸ್ತಿಲ ಹೊರಗೆ ನಿಂತಳು. ಗುರುವಪ್ಪ ಕೂತ, ಎದ್ದ. ಬೆಂಚು ತುಂಬಿತು. ಆದರೆ ಅಹ್ಮದ್ ಬಾವ ಲಾರಿಗೆ ಹಗ್ಗ ಕಟ್ಟುತ್ತಿದ್ದ. ಅಂದು ಇದ್ದವರಲ್ಲಿ ಒಬ್ಬ ತಪ್ಪಿದರೂ ಆಗದೆಂದು ಅವನನ್ನೂ ಕೂಗಿ ಕರೆದ. ಆಮೇಲೆ ಗೋಡೆ ನೋಡಿಕೊಂಡು ಎಲ್ಲ ಹೇಳಿದ.

"ಬಾಗಿ ಮುಟ್ಟಲಿಲ್ಲ. ತಪ್ಪು ನನ್ನದು," ಎನ್ನುವಾಗ ಮಾತ್ರ ಹೊಸ್ತಿಲ ಕಡೆ ತಿರುಗಿದ.

"ಚಾ ಕುಡಿದು ಬರ್ತಿದ್ದದ್ದಾ!" ಅಹ್ಮದ್ ಬಾವ ತೊಡೆ ತಟ್ಟಿದ. "ಅಷ್ಟು ಕ್ರಯದ ಚಾ ಬೊಂಬಾಯಿಯ ಸೇಠುಗಳೂ ಕುಡಿದಿರ್ಲಿಕ್ಕಿಲ್ಲ ಗುರುವಣ್ಣ!"

ಬೆಂಚು ಅಲುಗುವಂತೆ ನಕ್ಕರು. ಬಾಗಿ ನಗಲಿಲ್ಲ. ಒಳಗೆ ಬಂದು ತನ್ನ ಕುರ್ಚಿಯ ಧೂಳು ಒರೆಸಿ ಕುಳಿತು, ಬೀಗದ ಕೈಗಾಗಿ ಕೈಚಾಚಿದಳು. ಅವನು ಕೊಟ್ಟ. ಅವಳು ಬೊಂಬಾಯಿಯ ನಂಬರು ತಿರುಗಿಸಿದಳು.

"ಸುಲೈಮಾನ್ ಇದ್ದಾರಾ? ಹಿಂದೆ ಇದ್ದಾರಾ? ಕರೆದು ಫೋನಿನ ಹತ್ತಿರ ನಿಲ್ಲಿಸಿ, ಮತ್ತೆ ಮಾಡ್ತೇನೆ." ಟಕ್ಕೆಂದು ಇಟ್ಟಳು.

"ಅಯ್ಯೋ, ಯಾಕೆ ಇಟ್ಟದ್ದು? ಈಗ ಬರ್ತಿದ್ದ..." ಎಂದು ಗುರುವಪ್ಪ ಹಾರಿಬಿದ್ದವನು ಬಾಯಿ ತೆರೆದಂತೆಯೇ ನಿಂತ. ಬೆಂಚಿಗೆ ಬೆಂಚೇ ಅವನನ್ನು ನೋಡುತ್ತಿತ್ತು.

"ಮಾವ, ನೀವು ಹೊರಗೆ ಹೋಗಿ ಲೋಡು ನೋಡಿ," ಎಂದಳು ಬಾಗಿ.

ಅವನು ಹೋದ. ಬಾವ ಆಗಲೇ ಬಿಗಿದಿಟ್ಟಿದ್ದ ಹಗ್ಗವನ್ನು ಒಂದೊಂದಾಗಿ ಜಗ್ಗಿ ನೋಡುತ್ತ ಲಾರಿಯ ಸುತ್ತ ಸುತ್ತತೊಡಗಿದ.